ಒಂಬತ್ತನೆಯ ಗ್ರಹಕ್ಕೆ ಕನ್ನಡದ ಹೆಸರು

ನಮ್ಮ ಛಾಪಖಾನೆಯಲ್ಲಿ ಸೌರಮಂಡಲದ ನಕಾಶೆ ಅಚ್ಚಾಗಿ, ಬಟ್ಟೆಗೆ ಅಂಟಿಸಿ, ಮೇಲೂ ಕೆಳಗೂ ಕೋಲು ಕೂಡಿಸಿ, ಸುರುಳಿ ಸುತ್ತಿ ಇಟ್ಟು ಮೂರು ವಾರವೂ ಆಗಿರಲಿಲ್ಲ, ಒಂಬತ್ತನೆಯ ಗ್ರಹ ಸಿಕ್ಕಿದೆ ಎಂಬ ಸುದ್ದಿ ಬಂತು. ಅದು ಮೂವತ್ತನೆಯ ಇಸವಿಯ ಮಾರ್ಚ್ ತಿಂಗಳು. ಉಪ್ಪಿನ ಯಾತ್ರೆ ಆಗಷ್ಟೇ ಹೊರಟಿತ್ತು. ಪುಣೆಯ ಪತ್ರಿಕೆಗಳ ತುಂಬ ಅದೇ ಸುದ್ದಿ. ಯಾರು ಎಲ್ಲಿಗೆ ಮುಟ್ಟಿದರು, ಯಾರನ್ನು ಯೆರವಡಾ ಜೈಲಿಗೆ ಒಯ್ಯುತ್ತಾರೆ ಎಂಬ ಮಾತೇ ಪೇಠೆಯ ತುಂಬ. ಗ್ರಹದ ಸುದ್ದಿ ಒಳಪುಟದ ಒಂದು ಮೂಲೆಯಲ್ಲಿ ಆರೇಳು ಸಾಲು ಬಂದಿತ್ತು. ನಮ್ಮ ಮಾಲಕರ ಕಣ್ಣಿಗೆ ಅದು ಬೀಳದೆ ಇರುತ್ತಿರಲಿಲ್ಲ. ಅವರು ಪತ್ರಿಕೆಯನ್ನು ಕೊನೆಯ ಜಾಹೀರಾತಿನ ತನಕ ಓದುವ ಮನುಷ್ಯ.

ಛಾಪಖಾನೆ ಇದ್ದದ್ದು ಬುಧವಾರ ಪೇಠೆಯಲ್ಲಿ. ಕಲ್ಲಚ್ಚಿನ ಛಾಪಖಾನೆ. ದೇವರ ಪಟ, ಔಷಧದ ಬಾಟಲಿಗೆ ಅಂಟಿಸುವ ಚೀಟಿ, ಶಾಲೆಯ ನಕಾಶೆ, ಇವು ನಮ್ಮ ಕೆಲಸ. ನುಣುಪು ಕಲ್ಲಿನ ಮೇಲೆ ಎಣ್ಣೆ ಮಸಿಯಿಂದ ಬರೆದದ್ದು ಕಾಗದದ ಮೇಲೆ ತಿರುವುಮುರುವಾಗಿ ಮೂಡುತ್ತದೆ. ಹಾಗಾಗಿ ಕಲ್ಲಿನ ಮೇಲೆ ಅಕ್ಷರಗಳನ್ನು ಉಲ್ಟಾ ಬರೆಯಬೇಕು. ಕನ್ನಡ ಅಕ್ಷರಗಳನ್ನು ಉಲ್ಟಾ ಬರೆಯುವ ಕೆಲಸ ನನ್ನದು. ಧಾರವಾಡ, ಬೆಳಗಾವಿ, ಬಿಜಾಪುರ ಆಗ ಮುಂಬಯಿ ಇಲಾಖೆಯಲ್ಲಿದ್ದವು. ಅಲ್ಲಿಯ ಕನ್ನಡ ಶಾಲೆಗಳಿಗೆ ನಕಾಶೆಗಳು ಪುಣೆಯಿಂದ ಹೋಗುತ್ತಿದ್ದವು. ನಾನು ಬಿಜಾಪುರದ ಕಡೆಯವನು. ಅಕ್ಷರ ಚೆನ್ನಾಗಿದ್ದವು ಎಂಬ ಒಂದೇ ಕಾರಣಕ್ಕೆ ಈ ಕೆಲಸ ಸಿಕ್ಕಿತ್ತು. ಮೊದಮೊದಲು ಒತ್ತಕ್ಷರಗಳು ಬಹಳ ಕಾಡಿದವು. ಬಲಕ್ಕೆ ಬರಬೇಕಾದ ಒತ್ತನ್ನು ಕೈ ಎಡಕ್ಕೆ ಒಯ್ಯುವುದನ್ನು ಕಲಿಯಲು ಆರು ತಿಂಗಳು ಹಿಡಿಯಿತು. ಸುದ್ದಿ ಬಂದ ವರ್ಷ ನಾನು ಆ ಕೆಲಸಕ್ಕೆ ಸೇರಿ ಏಳು ವರ್ಷವಾಗಿತ್ತು.

ಮಾಲಕರಿಗೆ ಮರಾಠಿ, ಸಂಸ್ಕೃತ, ಇಂಗ್ಲಿಷ್ ಮೂರೂ ಬರುತ್ತಿದ್ದವು. ಕನ್ನಡ ಬರುತ್ತಿರಲಿಲ್ಲ. ‘ನಿಮ್ಮ ಅಕ್ಷರಗಳೆಲ್ಲ ಒಂದೇ ತಾಯಿಯ ಮಕ್ಕಳ ಹಾಗೆ ಕಾಣುತ್ತವೆ, ಯಾವುದು ಹಿರಿಯದು ಯಾವುದು ಕಿರಿಯದು ತಿಳಿಯುವುದಿಲ್ಲ’ ಎನ್ನುತ್ತಿದ್ದರು. ಆದ್ದರಿಂದ ಕನ್ನಡದಲ್ಲಿ ನಾನು ಬರೆದದ್ದೇ ಕೊನೆ. ಊರುಗಳಿಂದ ಬರುವ ಕನ್ನಡ ಪತ್ರಗಳನ್ನು ಅವರಿಗೆ ಓದಿ ಮರಾಠಿಯಲ್ಲಿ ಹೇಳುವವನೂ ನಾನೇ, ಉತ್ತರ ಬರೆಯುವವನೂ ನಾನೇ.

ನಕಾಶೆಯ ಚಿತ್ರ ತೆಗೆದವರು ಗೋಕಾಕದ ಕಡೆಯ ಒಬ್ಬ ಹಿರಿಯ ಚಿತ್ರಗಾರರು. ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು. ಅರವತ್ತರ ವಯಸ್ಸು; ಪುಣೆಗೆ ಬಂದು ಆಗಲೇ ಮೂವತ್ತು ವರ್ಷ ದಾಟಿತ್ತು. ನಡುವೆ ಸೂರ್ಯ, ಸುತ್ತ ಎಂಟು ವರ್ತುಲ, ಪ್ರತಿ ವರ್ತುಲದ ಮೇಲೆ ಒಂದು ಗ್ರಹ. ಶನಿಯ ಸುತ್ತಲಿನ ಬಳೆ ಒಂದಕ್ಕೇ ಅವರು ಎರಡು ದಿನ ತೆಗೆದುಕೊಂಡಿದ್ದರು. ಅಂಚಿನ ಸುತ್ತ ಮಲ್ಲಿಗೆ ಬಳ್ಳಿ. ಎಂಟನೆಯ ವರ್ತುಲ, ಅಂದರೆ ನೆಪ್ಚೂನಿನದು, ಆ ಬಳ್ಳಿಯನ್ನು ಮುಟ್ಟಿಯೂ ಮುಟ್ಟದ ಹಾಗೆ ಹೋಗುತ್ತಿತ್ತು. ಅದೇ ಚಿತ್ರಕ್ಕೆ ಒಂದು ಸಲ ಮರಾಠಿ ಅಕ್ಷರ, ಒಂದು ಸಲ ಕನ್ನಡ ಅಕ್ಷರ ಹಾಕಿ ಎರಡು ಬಗೆಯ ನಕಾಶೆ ಮಾಡಿದ್ದೆವು. ಕೆಳಗೆ ದೊಡ್ಡ ಅಕ್ಷರದಲ್ಲಿ ನಾನೇ ಬರೆದಿದ್ದೆ: ‘ಸೂರ್ಯನ ಸುತ್ತ ತಿರುಗುವ ಗ್ರಹಗಳು ೮.’

ಮಾಲಕರು ಪತ್ರಿಕೆಯನ್ನು ಹಿಡಿದುಕೊಂಡು ಒಳಗೆ ಬಂದು ಸುದ್ದಿ ಓದಿ ಹೇಳಿದಾಗ ಕಾಕಾ ಕೆಲಸ ನಿಲ್ಲಿಸಲಿಲ್ಲ. ಗಣಪತಿಯ ಪಟದ ಕಲ್ಲಿನ ಮೇಲೆ ಬಾಗಿ ಕೂತಿದ್ದವರು ಕೂತಲ್ಲೇ ನನಗೆ ಕನ್ನಡದಲ್ಲಿ ಹೇಳಿದರು.

‘ಖರೇ ಐತೋ ಸುಳ್ಳೈತೋ ಮೊದಲ ತಿಳೀಲಿ ಅಂತ ಹೇಳು ಅವರಿಗೆ.’

ನಾನು ಹೇಳಿದೆ. ಮಾಲಕರಿಗೂ ಅದು ಸರಿ ಅನ್ನಿಸಿತು. ಕಲ್ಲುಗಳನ್ನು ಆಗಲೇ ಉಜ್ಜಿ ಅಳಿಸಿ ಬೇರೆ ಕೆಲಸಕ್ಕೆ ತೆಗೆದುಕೊಂಡಾಗಿತ್ತು. ಮತ್ತೆ ಅಚ್ಚು ಹಾಕುವುದೆಂದರೆ ಎಲ್ಲ ಮೊದಲಿನಿಂದ. ಸುಮ್ಮನಿದ್ದುಬಿಟ್ಟೆವು.

ಬೇಸಿಗೆಯ ಕೊನೆಗೆ ಎರಡು ಸಂಗತಿ ಒಟ್ಟಿಗೆ ಬಂದವು. ಗ್ರಹಕ್ಕೆ ಪ್ಲುಟೊ ಎಂದು ಹೆಸರಿಟ್ಟ ಸುದ್ದಿ ಒಂದು. ಧಾರವಾಡದ ಕಡೆಯ ಒಬ್ಬ ಹೆಡ್‌ಮಾಸ್ತರರ ಕಾರ್ಡು ಇನ್ನೊಂದು. ಹೊಸ ಗ್ರಹ ಇಲ್ಲದ ನಕಾಶೆಯಾದರೆ ತಮಗೆ ಬೇಡ, ಮಕ್ಕಳೇ ಪತ್ರಿಕೆ ನೋಡಿ ಕೇಳುತ್ತಿದ್ದಾರೆ ಎಂದು ಅವರು ಬರೆದಿದ್ದರು. ನಾನು ಓದಿ ಹೇಳಿದೆ. ಮಾಲಕರು ಸ್ವಲ್ಪ ಹೊತ್ತು ಯೋಚಿಸಿ, ಇದ್ದ ನಕಾಶೆಗಳಿಗೇ ಕೈಯಿಂದ ಒಂಬತ್ತನೆಯದನ್ನು ಸೇರಿಸಬೇಕು ಎಂದರು. ಒಂದು ಚಿಕ್ಕೆ, ಪಕ್ಕದಲ್ಲಿ ಹೆಸರು. ಕೆಳಗಿನ ಸಾಲಿನಲ್ಲಿ ಎಂಟನ್ನು ಹೆರೆದು ಒಂಬತ್ತು ಬರೆಯುವುದು. ವರ್ತುಲ ಬೇಡ, ಅದಕ್ಕೆ ಜಾಗ ಇಲ್ಲ.

ಕಾಕಾ ನಕಾಶೆಯೊಂದನ್ನು ಬಿಚ್ಚಿ ನೆಲದ ಮೇಲೆ ಹಾಸಿ ನೋಡಿದರು.

‘ಚಿಕ್ಕಿ ಎಲ್ಲಿ ಇಡೂದು? ನೆಪ್ಚೂನಿನ ಹೊರಗ ಅಂದ್ರ ಬಳ್ಳ್ಯಾಗ ಹೋಗತೈತಿ.’

‘ಬಳ್ಳ್ಯಾಗ ಇಡೂಣ್ರಿ’ ಎಂದೆ.

‘ನಾ ತೆಗೆದದ್ದು ಎಂಟು. ಒಂಬತ್ತನೇದ್ದು ನೀ ಇಡು’ ಎಂದರು. ಸಿಟ್ಟಿನಿಂದ ಹೇಳಿದ್ದಲ್ಲ. ಆದರೆ ಒಂದು ಚಿಕ್ಕೆಯನ್ನೂ ಅವರು ಇಡಲಿಲ್ಲ. ಬೂದು ಬಣ್ಣವನ್ನು ಮಾತ್ರ ಕಲಸಿ ಒಂದು ಚಿಪ್ಪಿನಲ್ಲಿ ಹಾಕಿ ಕೊಟ್ಟರು.

ಇನ್ನು ಹೆಸರಿನ ಮಾತು. ಪತ್ರಿಕೆಯಲ್ಲಿ ಪ್ಲುಟೊ ಎಂದರೆ ಪಾಶ್ಚಾತ್ಯರ ಪಾತಾಳದ ದೇವರು ಎಂದು ವಿವರಣೆ ಕೊಟ್ಟಿದ್ದರು. ಮಾಲಕರಿಗೆ ಅದು ಹಿಡಿಸಿತು. ‘ಅಂದರೆ ನಮ್ಮ ಯಮ. ಹಳ್ಳಿಯ ಮಕ್ಕಳ ಬಾಯಲ್ಲಿ ಪ್ಲುಟೊ ತಿರುಗುವುದಿಲ್ಲ. ಯಮ ಎಂದು ಬರೆಯಿರಿ, ಮರಾಠಿಯಲ್ಲೂ ಅದೇ, ಕನ್ನಡದಲ್ಲೂ ಅದೇ’ ಎಂದರು. ಅವರು ನನ್ನೊಡನೆ ಮಾತಾಡುತ್ತಿದ್ದುದು ಮರಾಠಿಯಲ್ಲಿ. ನೆನಪಿದ್ದಷ್ಟನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ನನಗೆ ಆಗ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಹೂಂ ಎಂದೆ.

ಮರಾಠಿ ನಕಾಶೆಗಳನ್ನು ಮರಾಠಿ ಅಕ್ಷರ ಬರೆಯುವವರು ಛಾಪಖಾನೆಯಲ್ಲೇ ಮುಗಿಸಿದರು. ಅಷ್ಟರಲ್ಲಿ ಗಣಪತಿ ಪಟಗಳ ಕೆಲಸ ಜೋರಾಗಿ, ಒಣಗಲು ಹರವಿದ ಹಾಳೆಗಳಿಂದ ಕಾಲಿಡಲೂ ಜಾಗ ಇಲ್ಲದಾಯಿತು. ಕನ್ನಡದ ನೂರೈವತ್ತು ನಕಾಶೆಗಳನ್ನು ಟಾಂಗಾದಲ್ಲಿ ಹೇರಿಕೊಂಡು ಒಂದು ಭಾನುವಾರ ಬೆಳಿಗ್ಗೆ ಮನೆಗೆ ತಂದೆ.

ನಮ್ಮ ಮನೆ ಕಸಬಾ ಪೇಠೆಯ ಒಂದು ವಾಡೆಯ ಮೇಲಂತಸ್ತಿನ ಎರಡು ಕೋಣೆ. ಅವ್ವ, ನನ್ನ ಹೆಂಡತಿ, ನಾನು. ಹೆಂಡತಿಗೆ ಏಳು ತಿಂಗಳು ತುಂಬಿ ಎಂಟರಲ್ಲಿತ್ತು. ಅವಳ ತಾಯಿ ತೀರಿಹೋಗಿದ್ದರಿಂದ ಬಾಣಂತನ ನಮ್ಮಲ್ಲೇ ಎಂದು ನಿಶ್ಚಯವಾಗಿತ್ತು. ಅದು ಮೂರನೆಯದು. ಮೊದಲನೆಯದು ಗಂಡು, ಹನ್ನೊಂದು ದಿನ ಇತ್ತು. ಎರಡನೆಯದು ಹೆಣ್ಣು, ಐದು ತಿಂಗಳಾಗಿ ಕವುಚಿ ಬೀಳಲು ಕಲಿತ ಮೇಲೆ ಜ್ವರ ಬಂದು ಹೋಯಿತು.

ಸುರುಳಿಗಳನ್ನು ಗೋಡೆಗೆ ಆನಿಸಿ ಇಡುತ್ತಿದ್ದಾಗ ಅವ್ವ ಕೇಳಿದಳು.

‘ಏನಿವು ಇಷ್ಟೊಂದು?’

‘ಗ್ರಹದ ನಕಾಶೆ. ಹೊಸಾದೊಂದು ಸಿಕ್ಕದ, ಅದನ್ನ ಬರೀಬೇಕು.’

‘ನವಗ್ರಹ ಅವ. ಹೊಸಾದ್ಯಾವದು?’

ನಾನು ವಿವರಿಸಿದೆ. ಇವರ ಲೆಕ್ಕದಲ್ಲಿ ಸೂರ್ಯ ಗ್ರಹವಲ್ಲ, ಚಂದ್ರ ಗ್ರಹವಲ್ಲ, ರಾಹು ಕೇತು ಇಲ್ಲವೇ ಇಲ್ಲ, ನಾವು ನಿಂತ ಭೂಮಿಯೂ ಒಂದು ಗ್ರಹ, ಆಮೇಲೆ ದುರ್ಬೀನಿನಿಂದ ಮಾತ್ರ ಕಾಣುವ ಎರಡು, ಈಗ ಮೂರನೆಯದು. ಅವ್ವ ಅಕ್ಕಿ ಆರಿಸುತ್ತ ಕೇಳಿಸಿಕೊಂಡಳು. ಭೂಮಿ ಗ್ರಹ ಎಂಬುದಕ್ಕೂ ಅವಳು ತಕರಾರು ಮಾಡಲಿಲ್ಲ.

‘ಏನಂತ ಹೆಸರು ಅದರದು?’

‘ಯಮ.’

ಅವ್ವ ಅಕ್ಕಿಯ ಮೊರವನ್ನು ಕೆಳಗಿಟ್ಟಳು. ಒಳಗಿನ ಕೋಣೆಯ ಕಡೆ ನೋಡಿ, ದನಿ ತಗ್ಗಿಸಿ ಹೇಳಿದಳು.

‘ಆ ಹೆಸರು ಎಷ್ಟು ಸಲ ಬರೀತಿ?’

‘ಎಷ್ಟು ನಕಾಶೆ ಅವೋ ಅಷ್ಟು ಸಲ. ನೂರೈವತ್ತು.’

‘ಈ ಮನ್ಯಾಗ ಎರಡು ಸಲ ಬಂದು ಹೋಗ್ಯಾನ. ಮೂರನೇ ಸಲ ನೀನ ಕೂತು ಕರೀಬ್ಯಾಡ.’

‘ಅದು ಗ್ರಹದ ಹೆಸರವ್ವಾ. ಶಾಲಿ ಮಕ್ಕಳ ಪಾಠ.’

‘ಗ್ರಹ ಎಲ್ಲಿ ಬೇಕಾದಲ್ಲಿ ಇರಲಿ. ಹೆಸರು ನನ್ನ ಮನ್ಯಾಗ ಬ್ಯಾಡ’ ಎಂದು ಮತ್ತೆ ಮೊರವನ್ನು ಎತ್ತಿಕೊಂಡಳು.

ನನಗೆ ಸಿಟ್ಟು ಬಂತು. ಏಳು ವರ್ಷ ಭೂಗೋಳದ ನಕಾಶೆ ಬರೆದವನು ನಾನು. ಮಳೆ ಯಾಕೆ ಬರುತ್ತದೆ, ಗ್ರಹಣ ಯಾಕೆ ಆಗುತ್ತದೆ ಎಂದು ಅವ್ವನಿಗೆ ಎಷ್ಟೋ ಸಲ ಹೇಳಿದ್ದೆ. ಆದರೂ ಅವತ್ತು ಜಗಳ ಮಾಡಲಿಲ್ಲ. ಹೆಸರನ್ನು ಬಿಟ್ಟು ಉಳಿದ ಕೆಲಸ ಮಾಡುತ್ತ ಕೂತೆ. ಬ್ಲೇಡಿನಿಂದ ಎಂಟನ್ನು ಮೆಲ್ಲಗೆ ಹೆರೆಯುವುದು, ಉಗುರಿನಿಂದ ಕಾಗದವನ್ನು ನುಣುಪು ಮಾಡುವುದು, ಒಂಬತ್ತು ಬರೆಯುವುದು, ಬಳ್ಳಿಯ ಎರಡು ಎಲೆಗಳ ನಡುವೆ ಬೂದು ಚಿಕ್ಕೆ ಇಡುವುದು. ಮಧ್ಯಾಹ್ನ ಊಟವಾದ ಮೇಲೆ ಹೆಂಡತಿ ಬಂದು ನಕಾಶೆಯ ತುದಿ ಸುರುಳಿಕೊಳ್ಳದಂತೆ ಕೈಯಿಂದ ಒತ್ತಿ ಹಿಡಿದಳು. ಅವಳು ನಾಲ್ಕನೆಯ ಇಯತ್ತೆಯ ತನಕ ಓದಿದ್ದಳು. ವರ್ತುಲಗಳ ಮೇಲಿನ ಹೆಸರುಗಳನ್ನು ಒಂದೊಂದಾಗಿ ಓದುತ್ತ ಹೊರಗಿನ ತನಕ ಬಂದಳು. ಅವ್ವ ಕೆಳಗೆ ನಲ್ಲಿಯ ಹತ್ತಿರ ಹೋಗಿದ್ದಳು.

‘ಇದಕ್ಕ ಬ್ಯಾರೆ ಹೆಸರಿಲ್ಲೇನ್ರಿ?’

ಬೆಳಗಿನ ಮಾತು ಅವಳಿಗೆ ಕೇಳಿಸಿತ್ತು ಎಂದು ಆಗ ತಿಳಿಯಿತು.

‘ಅದ. ಪ್ಲುಟೊ ಅಂತ. ಯಾವ ಪಂಡಿತನೂ ಇಟ್ಟದ್ದಲ್ಲ, ಇಂಗ್ಲೆಂಡಿನಾಗ ಒಬ್ಬ ಹುಡುಗಿ ಸೂಚಿಸಿದ್ದಂತ. ಹನ್ನೊಂದು ವರ್ಷದಾಕಿ, ಶಾಲಿಗೆ ಹೋಗಾಕಿ.’

‘ಆ ಹುಡುಗೀಗೆ ಅದು ಯಮನ ಹೆಸರು ಅಂತ ಗೊತ್ತಿತ್ತೇನು?’

‘ಗೊತ್ತಿದ್ದೇ ಇಟ್ಟಾಳ.’

 ಅವಳು ಎಂಟನೆಯದರ ಮೇಲೆ ಬೆರಳಿಟ್ಟಳು.

‘ಇದನ್ನ ನೆಪ್ಚೂನ್ ಅಂತ ಅವರ ಹೆಸರಿಂದನ ಬರದೀರಿ. ಅದರ ಮಗ್ಗಲದ್ದನ್ನೂ ಹಂಗ ಬರದ್ರ ಏನಾಗತದ?’

‘ಮಾಲಕರು ಯಮ ಅಂತ ಹೇಳ್ಯಾರ.’

‘ಹಂಗಾರ ಬಿಡ್ರಿ’ ಎಂದಳು. ಒತ್ತಾಯ ಮಾಡುವ ಸ್ವಭಾವ ಅವಳದಲ್ಲ. ಆದರೆ ನಕಾಶೆ ಒತ್ತಿ ಹಿಡಿದ ಕೈಯನ್ನು ತೆಗೆದು ಎದ್ದು ಒಳಗೆ ಹೋದಳು.

ಎರಡು ಭಾನುವಾರ, ನಡುವಿನ ಸಂಜೆಗಳು ಹಿಡಿದು ಚಿಕ್ಕೆಗಳೆಲ್ಲ ಮುಗಿದವು. ಹೆಸರನ್ನು ಛಾಪಖಾನೆಯಲ್ಲಿ ಬರೆಯೋಣ ಎಂದು ಎಲ್ಲವನ್ನೂ ವಾಪಸು ಒಯ್ದೆ. ಯಮ ಎಂದೇ ಬರೆಯುವ ಮನಸ್ಸಿತ್ತು. ಮೊದಲನೆಯ ನಕಾಶೆ ಹಾಸಿ ಕುಂಚ ಅದ್ದಿಕೊಂಡೆ. ನನಗೆ ಯಮನ ಭಯ ಇರಲಿಲ್ಲ ಎಂದು ಇವತ್ತಿಗೂ ಹೇಳಬಲ್ಲೆ. ಆದರೆ ಮುಂದೆ ಏನಾದರೂ ಆದರೆ ಅವ್ವ ಬಾಯಿಬಿಟ್ಟು ಏನೂ ಅನ್ನುವುದಿಲ್ಲ, ಹೆಂಡತಿಯೂ ಅನ್ನುವುದಿಲ್ಲ, ಅವರಿಬ್ಬರ ಎದುರಿಗೆ ನಾನು ಊಟಕ್ಕೆ ಕೂಡಬೇಕಾಗುತ್ತದೆ ಎಂಬುದು ಕಣ್ಣ ಮುಂದೆ ಬಂತು. ಕುಂಚ ಊರಿ ಪ್ಲುಟೊ ಎಂದು ಬರೆದೆ.

ಬರೆದದ್ದು ಕೆಟ್ಟಿತು. ಏಳು ವರ್ಷ ಉಲ್ಟಾ ಬರೆದ ಕೈ ‘ಪ್ಲು’ವಿನ ಒತ್ತನ್ನು ಎಡಕ್ಕೆ ಒಯ್ದಿತ್ತು. ಹೆರೆಯಲು ಬ್ಲೇಡು ಹುಡುಕುತ್ತಿದ್ದಾಗ ಕಾಕಾ ಹಿಂದೆ ಬಂದು ನಿಂತರು. ನಕಾಶೆಯನ್ನು ತಮ್ಮ ಕಡೆ ತಿರುಗಿಸಿಕೊಂಡು ಓದಿದರು. ಅದನ್ನು ತಾವೇ ಹೆರೆದು, ಗಾಯವಾದ ಜಾಗದ ಮೇಲೆ ಬಳ್ಳಿಯ ಇನ್ನೊಂದು ಎಲೆ ಬರೆದು ಮುಚ್ಚಿ, ಅದರ ಕೆಳಗೆ ಹೆಸರಿಗೆ ಜಾಗ ತೋರಿಸಿದರು. ಆಮೇಲೆ ಹೇಳಿದರು.

‘ಮಾಲಕರು ಯಮ ಅಂದದ್ದು ನನಗೂ ಕೇಳಿಸಿತ್ತು.’

‘ಹೌದ್ರಿ ಕಾಕಾ.’

ಅವರು ಕಾದರು. ನಾನು ಮನೆಯಲ್ಲಿ ನಡೆದದ್ದನ್ನು ಹೇಳಿದೆ. ಹೋದ ಎರಡು ಮಕ್ಕಳ ಸಂಗತಿ ಅವರಿಗೆ ಗೊತ್ತಿದ್ದದ್ದೇ. ಎರಡನೆಯ ಸಲ ಮಣ್ಣಿಗೆ ನನ್ನ ಜೊತೆ ಬಂದವರು ಅವರೇ.

‘ಕೇಳಿ ಮಾಡಬೇಕಿತ್ತಪಾ. ಮಾಡಿ ಆಮ್ಯಾಲ ಹೇಳೂದು ಭಾಳ ತ್ರಾಸು’ ಎಂದು ತಮ್ಮ ಕಲ್ಲಿನ ಕಡೆ ಹೋದರು.

ಕೇಳಬಹುದಿತ್ತು. ಮಾಲಕರು ಹತ್ತು ಹೆಜ್ಜೆಯ ಆಚೆ ಕೂತಿದ್ದರು. ಕೇಳಿದರೆ ನಕ್ಕುಬಿಡುತ್ತಾರೆ, ಹೆಂಗಸರ ಮಾತು ಕೇಳಿ ಶಾಸ್ತ್ರದ ನಕಾಶೆ ಬರೆಯುವವನು ಎನ್ನುತ್ತಾರೆ ಎಂದು ನಾಚಿಕೆ. ಮೂರು ದಿನದಲ್ಲಿ ನೂರೈವತ್ತಕ್ಕೂ ಪ್ಲುಟೊ ಎಂದು ಬರೆದು ಮುಗಿಸಿದೆ. ಕೊನೆಯ ದಿನ ಮಾಲಕರು ಬಂದು ಒಂದನ್ನು ಬಿಚ್ಚಿಸಿ ನೋಡಿದರು. ಚಿಕ್ಕೆಯ ಪಕ್ಕದ ಎರಡು ಅಕ್ಷರಗಳ ಮೇಲೆ ಬೆರಳಿಟ್ಟು, ‘ಇದು ಯಮ ಅಲ್ಲವೇ?’ ಎಂದು ಕೇಳಿದರು.

‘ಹೌದು’ ಎಂದೆ.

ಅವರು ತಲೆಯಾಡಿಸಿ ಕಟ್ಟಿಸಲು ಹೇಳಿ ಹೋದರು. ನಕಾಶೆಗಳು ಆ ವಾರವೇ ರೈಲಿನಲ್ಲಿ ಹೋದವು. ಬರೆದದ್ದಕ್ಕಿಂತ ಆ ಒಂದು ಹೌದು ನನ್ನನ್ನು ಹೆಚ್ಚು ಕಾಡಿತು. ಸಂಜೆ ಕಾಕಾನ ಮುಖ ನೋಡದೆ ಚಪ್ಪಲಿ ಮೆಟ್ಟಿ ಹೊರಬಿದ್ದೆ.

ಆಷಾಢದಲ್ಲಿ, ಮುಠಾ ಹೊಳೆ ಕೆಂಪಾಗಿ ತುಂಬಿ ಹರಿಯುತ್ತಿದ್ದ ದಿನಗಳಲ್ಲಿ, ನಮಗೆ ಹೆಣ್ಣು ಹುಟ್ಟಿತು. ಹನ್ನೊಂದು ದಿನ ದಾಟಿತು, ತಿಂಗಳು ದಾಟಿತು. ಅವ್ವ ಹಸುಗೂಸಿನ ಕಿವಿಯ ಹಿಂದೆ ಕಾಡಿಗೆ ಹಚ್ಚುವುದನ್ನು ಒಂದು ದಿನವೂ ತಪ್ಪಿಸಲಿಲ್ಲ. ನಕಾಶೆಯ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಏನು ಬರೆದೆ ಎಂದು ಹೆಂಡತಿ ಒಮ್ಮೆ ಮಾತ್ರ ಕೇಳಿದಳು. ಹೇಳಿದೆ. ‘ಮಾಲಕರು ಒಪ್ಪಿದ್ರೇನು?’ ಎಂದಳು. ಅವರಿಗೆ ಓದಲು ಬರುವುದಿಲ್ಲ ಎಂದೆ. ಅವಳ ಮುಖ ಸಣ್ಣದಾಯಿತು. ‘ಹಂಗ ಮಾಡ್ರಿ ಅಂತ ನಾ ಹೇಳಿರಲಿಲ್ಲಲ್ಲ’ ಎಂದಳು. ಹೌದು, ಅವಳು ಹಾಗೆ ಹೇಳಿರಲಿಲ್ಲ.

ದೀಪಾವಳಿ ರಜೆ ಮುಗಿದ ಮೇಲೆ ಬೆಳಗಾವಿಯ ಕಡೆಯಿಂದ ಒಂದು ಪತ್ರ ಬಂತು. ಕನ್ನಡ ಶಾಲೆಯ ಹೆಡ್‌ಮಾಸ್ತರರದು. ಮಾಲಕರು ಎಂದಿನಂತೆ ನನ್ನನ್ನು ಕರೆದು ಓದಿ ಎಂದರು. ನಿಂತುಕೊಂಡೇ ಮನಸ್ಸಿನಲ್ಲಿ ಓದತೊಡಗಿದೆ. ನಮ್ಮ ಶಾಲೆಗೂ ಪಕ್ಕದ ಮರಾಠಿ ಶಾಲೆಗೂ ನಡುವೆ ಒಂದೇ ಗೋಡೆ. ಎರಡೂ ಶಾಲೆಗಳಲ್ಲಿ ನಿಮ್ಮಲ್ಲಿಯ ನಕಾಶೆಯೇ ಇದೆ. ಅವರದರಲ್ಲಿ ಒಂಬತ್ತನೆಯದು ಯಮ, ನಮ್ಮದರಲ್ಲಿ ಪ್ಲುಟೊ. ಅಂಗಳದಲ್ಲಿ ಮಕ್ಕಳು ಎರಡೂ ಸೇರಿಸಿ ಹತ್ತು ಗ್ರಹ ಎಂದು ಎಣಿಸತೊಡಗಿದ್ದಾರೆ. ಇನ್‌ಸ್ಪೆಕ್ಟರರು ಬರುವ ಮೊದಲು ಯಾವುದು ಸರಿ ಎಂದು ದಯವಿಟ್ಟು ತಿಳಿಸಬೇಕು.

ಓದಿ ಮುಗಿಸಿದ್ದೆ. ಮರಾಠಿಯಲ್ಲಿ ಇನ್ನೂ ಬಾಯಿ ತೆರೆದಿರಲಿಲ್ಲ. ಬಣ್ಣ ಚೆನ್ನಾಗಿದೆ, ಇನ್ನೊಂದು ಕಳಿಸಿ ಎಂದು ಬರೆದಿದ್ದಾರೆ ಎಂದರೆ ಅವರು ನಂಬುತ್ತಿದ್ದರು. ಆ ಯೋಚನೆ ಬಂದದ್ದು ನಿಜ. ಆದರೆ ಮತ್ತೊಂದು ಸಲ ಹೌದು ಎನ್ನಲು ನನ್ನಿಂದ ಆಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

‘ಕನ್ನಡದಲ್ಲೂ ಯಮ ಎಂದೇ ಬರೆದಿದ್ದೀರಲ್ಲ?’ ಎಂದರು ಮಾಲಕರು. ‘ನಾನು ಕೇಳಿದ್ದೆ.’

‘ಕೇಳಿದ್ದಿರಿ. ನಾನು ಸುಳ್ಳು ಹೇಳಿದೆ.’

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಯಾಕೆ ಎಂದು ಕೇಳಿದರು. ಮನೆಯ ಸಂಗತಿ ಹೇಳಿದೆ. ಅವ್ವ ಹೇಳಿದ ಮಾತನ್ನೂ ಮರಾಠಿಗೆ ತಿರುಗಿಸಿ ಹೇಳಿದೆ. ಮರಾಠಿಯಲ್ಲಿ ಅದು ಅಷ್ಟು ಗಟ್ಟಿಯಾಗಿ ಬರಲಿಲ್ಲ. ನಾನು ಅಂದುಕೊಂಡ ಹಾಗೆ ಅವರು ನಗಲಿಲ್ಲ.

‘ಮಗು ಹೇಗಿದೆ?’

‘ಚೆನ್ನಾಗಿದೆ. ನಾಲ್ಕು ತಿಂಗಳು.’

‘ಆಗಲೇ ನನ್ನನ್ನು ಕೇಳಿದ್ದರೆ ಬೇಡ ಎನ್ನುತ್ತಿದ್ದೆ’ ಎಂದರು. ‘ಒಂದು ದಿನ ಜಗಳವಾಡುತ್ತಿದ್ದೆವು. ಆಮೇಲೆ ಬಹುಶಃ ಹಾಳಾಗಿ ಹೋಗಲಿ, ಬರೆದುಕೊಳ್ಳಿ ಎನ್ನುತ್ತಿದ್ದೆ. ಅದು ಬೇರೆ ಮಾತು. ನನಗೆ ಓದಲು ಬರದ ಭಾಷೆಯಲ್ಲಿ ನನ್ನ ಹೆಸರಿನ ಕೆಳಗೆ ನೀವು ಬರೆಯುತ್ತೀರಿ. ಏಳು ವರ್ಷ ಒಂದು ಸಲವೂ ಪರೀಕ್ಷೆ ಮಾಡಿಲ್ಲ.’

ನಾನು ಪತ್ರವನ್ನು ಮಡಿಸಿ ಮೇಜಿನ ಮೇಲಿಟ್ಟೆ. 

‘ಹೆಡ್‌ಮಾಸ್ತರರಿಗೆ ಉತ್ತರ ಬರೆಯಿರಿ. ಎರಡೂ ಒಂದೇ ಗ್ರಹ, ಎರಡೂ ಹೆಸರು ನಡೆಯುತ್ತವೆ, ಇಂಗ್ಲಿಷಿನಲ್ಲಿ ಇರುವುದು ಪ್ಲುಟೊ. ಗ್ರಹಗಳು ಒಟ್ಟು ಒಂಬತ್ತು, ಹತ್ತಲ್ಲ.’

ಅಲ್ಲಿಯೇ ಮೇಜಿನ ತುದಿಗೆ ಕೂತು ಕಾರ್ಡು ಬರೆದೆ. ಬರೆದು ಅವರ ಮುಂದೆ ಸಹಿಗೆ ಇಟ್ಟೆ. ಏಳು ವರ್ಷವೂ ನಾನು ಇಟ್ಟ ಕಾಗದಕ್ಕೆ ಅವರು ನೋಡದೆ ಮರಾಠಿಯ ಮೋಡಿ ಲಿಪಿಯಲ್ಲಿ ಸಹಿ ಎಳೆಯುತ್ತಿದ್ದರು. ಅವತ್ತು ಲೇಖನಿ ಎತ್ತಿಕೊಳ್ಳಲಿಲ್ಲ. ಒಳಗೆ ತಿರುಗಿ ಕಾಕಾನನ್ನು ಕರೆದರು. ಕಾಕಾ ಕೈ ಒರೆಸಿಕೊಳ್ಳುತ್ತ ಬಂದರು. ಮಾಲಕರು ಕಾರ್ಡನ್ನು ಅವರ ಕೈಗೆ ಕೊಟ್ಟು, ಏನು ಬರೆದಿದೆ ಓದಿ ಹೇಳಿ ಎಂದರು. ಕಾಕಾ ನನ್ನ ಕಡೆ ನೋಡದೆ, ಒಂದೊಂದೇ ಸಾಲು ಓದಿ ಮರಾಠಿಯಲ್ಲಿ ಹೇಳಿದರು. ಆಮೇಲೆ ಮಾಲಕರು ಸಹಿ ಹಾಕಿದರು.

ಮುಂದೆ ಎರಡು ವರ್ಷ ಅದೇ ಕ್ರಮ ನಡೆಯಿತು. ನಾನು ಕನ್ನಡದಲ್ಲಿ ಏನೇ ಬರೆದರೂ, ಔಷಧದ ಚೀಟಿಯಾದರೂ ಸರಿ, ಕಾಕಾ ಓದಿ ಹೇಳಿದ ಮೇಲೆಯೇ ಹೊರಗೆ ಹೋಗಬೇಕು. ಮಾಲಕರು ನನ್ನೊಡನೆ ಮಾತು ಬಿಡಲಿಲ್ಲ, ಕೆಲಸದಿಂದ ತೆಗೆಯಲಿಲ್ಲ, ಆ ಸಂಗತಿಯನ್ನು ಮತ್ತೆ ಎತ್ತಿ ಆಡಲೂ ಇಲ್ಲ. ಅವರು ಮಾಡಿದ್ದು ತಪ್ಪು ಎಂದು ನನಗೂ ಅನ್ನಿಸಲಿಲ್ಲ. ಕಾಕಾನಿಗೇ ಅದು ಬೇಸರ ತಂದಿತ್ತು. ಕಲ್ಲು ಬಿಟ್ಟು ಏಳಬೇಕಾದಾಗೆಲ್ಲ, ‘ಬಾರಪಾ, ನಿನ್ನ ಪರೀಕ್ಷಾ ಮುಗಿಸೂಣು’ ಎನ್ನುತ್ತಿದ್ದರು. ಮೂರನೆಯ ವರ್ಷ ಅವರು ಕೆಲಸ ಬಿಟ್ಟು ಮಗನ ಹತ್ತಿರ ಗೋಕಾಕಕ್ಕೆ ಹೋದರು. ಅವರು ಹೋದ ಮರುದಿನ ಒಂದು ಪಂಚಾಂಗದ ಮುಖಪುಟ ಬರೆದು ಮಾಲಕರ ಮುಂದೆ ಹಿಡಿದು ನಿಂತೆ. ಕನ್ನಡ ಓದುವವರು ಛಾಪಖಾನೆಯಲ್ಲಿ ನನ್ನ ಹೊರತು ಯಾರೂ ಉಳಿದಿರಲಿಲ್ಲ. ಮಾಲಕರು ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ, ‘ನೀವೇ ಓದಿ’ ಎಂದರು. ಮೊದಲ ಅಕ್ಷರದಿಂದ ಕೊನೆಯ ಅಕ್ಷರದ ತನಕ, ಬೆರಳಿಟ್ಟು ತೋರಿಸುತ್ತ ಓದಿ ಹೇಳಿದೆ.